ಗೋಡೆಯಾಚೆಯ ಜಾಮೀನು

ಮೊನ್ನೆ ಮೊನ್ನೆಯ ತನಕ ನಾನು ಸೀನಿದರೆ ನಮ್ಮ ಮನೆಯೊಳಗೆ ಯಾರೂ ತಲೆ ಎತ್ತುತ್ತಿರಲಿಲ್ಲ. ಅಮ್ಮ ಒಗ್ಗರಣೆಯ ಮೆಣಸಿನಕಾಯಿಯ ಮೇಲೆ ತಪ್ಪು ಹೊರಿಸಿ ಸೌಟು ಆಡಿಸುತ್ತಿದ್ದಳು. ತಲೆ ಏಳುತ್ತಿದ್ದದ್ದು ಕಾಂಪೌಂಡು ಗೋಡೆಯ ಆಚೆ. ಮೊದಲು ಬೋಳು ನೆತ್ತಿ, ಆಮೇಲೆ ದಪ್ಪ ಕನ್ನಡಕ, ಕೊನೆಗೆ ಹೆಗಲ ಮೇಲಿನ ಕೆಂಪು ಟವೆಲು. "ಏನು ಬಾಬು, ನೆಗಡಿಯಾ? ಜ್ವರ ಗಿರ ಇಲ್ಲ ತಾನೆ? ಎದೆ ಹಿಡಿದ ಹಾಗೆ ಏನಾದರೂ?" ಸ್ವಲ್ಪ ಹೊತ್ತಿನಲ್ಲಿ ಆ ತಲೆಯ ಪಕ್ಕದಿಂದ ಒಂದು ಕೈ ಹುಟ್ಟಿ ಮೆಣಸಿನ ಕಷಾಯದ ಲೋಟವನ್ನು ಗೋಡೆಯ ಮೇಲೆ ಇಡುತ್ತಿತ್ತು. ನಾನು ಕುಡಿದು ಮುಗಿಸುವ ತನಕ ತಲೆ ಅಲ್ಲಿಂದ ಕದಲುತ್ತಿರಲಿಲ್ಲ.

ಎಂಥ ಪುಣ್ಯವಂತನಪ್ಪ, ಇಂಥ ನೆರೆಹೊರೆ ಯಾರಿಗೆ ಸಿಗುತ್ತದೆ ಎಂದು ನೀವು ಅಂದುಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ: ಅಪ್ಪಾರಾವು ಗಾರು ನನ್ನ ಮನೆಯ ಸಾಲಕ್ಕೆ ಜಾಮೀನು ನಿಂತವರು. ನಾನು ಕಂತು ಕಟ್ಟದಿದ್ದರೆ ಅವರ ಸಂಬಳದಲ್ಲಿ ಹಿಡಿಯುತ್ತಾರೆ. ಹೀಗಾಗಿ ಈ ಭೂಮಿಯ ಮೇಲೆ ನನ್ನ ಶ್ವಾಸಕೋಶದಲ್ಲಿ ಪಾಲು ಇದ್ದ ಏಕೈಕ ವ್ಯಕ್ತಿ ಅವರು. ಆ ಕಷಾಯದಲ್ಲಿ ಪ್ರೀತಿ ಎಷ್ಟು, ಭಯ ಎಷ್ಟು ಎಂದು ನಾನು ಎಷ್ಟೋ ಸಲ ನಾಲಿಗೆಯ ಮೇಲೆ ಉರುಳಿಸಿ ನೋಡಿದ್ದೇನೆ. ಎರಡಕ್ಕೂ ಮೆಣಸಿನದೇ ರುಚಿ.

ನಮ್ಮದು ಮೂಲತಃ ಧಾರವಾಡದ ಕಡೆಯ ಸಂಸಾರ. ಅಪ್ಪ ವಿಶಾಖಪಟ್ಟಣದ ಬಂದರಿನಲ್ಲಿ ಗುಮಾಸ್ತರಾಗಿ ಬಂದವರು, ಸಮುದ್ರ ನೋಡಿ ಬೆರಗಾಗಿ ಇಲ್ಲೇ ಉಳಿದುಬಿಟ್ಟರು ಎಂದು ನಾನು ಊರವರಿಗೆ ಹೇಳುತ್ತೇನೆ. ನಿಜ ಏನೆಂದರೆ ವರ್ಗ ಕೇಳಿ ಬರೆದ ಅರ್ಜಿಗಳಿಗೆ ಉತ್ತರವೇ ಬರಲಿಲ್ಲ. ಅಪ್ಪ ಇದ್ದಷ್ಟು ದಿನವೂ ನಾವು ಬಾಡಿಗೆ ಪೋರ್ಷನ್ನುಗಳಲ್ಲೇ ಇದ್ದೆವು. ಪೋರ್ಷನ್ನು ಎಂದರೆ ಮನೆಯಲ್ಲ, ಮನೆಯ ಚೂರು. ಮನೆಯ ಒಡತಿ ಕಿಟಕಿಯಲ್ಲಿ ಕೂತು ನಾವು ಸೇದಿದ ಕೊಡ ಎಣಿಸುತ್ತಿದ್ದಳು. ಎಲ್ಲಕ್ಕಿಂತ ದೊಡ್ಡ ನಿಯಮ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ನಮ್ಮ ರಾಯರ ಫೋಟೋ ಮನೆಯಿಂದ ಮನೆಗೆ ಬಾಡಿಗೆದಾರನಾಗಿಯೇ ಬಂತು, ಯಾವ ಮನೆಯಲ್ಲೂ ನೇತಾಡಲಿಲ್ಲ, ಟ್ರಂಕಿನ ಮೇಲೆ ಒರಗಿ ಕೂತಿತು. ಹಾಗಾಗಿ ನಾನು ಬಂದರಿನ ಹತ್ತಿರ ಹಡಗಿನ ಸರಕು ಬಿಡಿಸಿಕೊಡುವ ಒಂದು ಕ್ಲಿಯರಿಂಗ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿ, ಗಾಜುವಾಕದಲ್ಲಿ ಎರಡು ಕೋಣೆಯ ಮನೆಯೊಂದನ್ನು ಸಾಲದಲ್ಲಿ ಕೊಂಡ ದಿನ ಅಮ್ಮ ಹಾಲುಕ್ಕಿಸುವ ಮೊದಲೇ ಸುತ್ತಿಗೆ ಎತ್ತಿಕೊಂಡಳು. ರಾಯರಿಗೊಂದು, ಕ್ಯಾಲೆಂಡರಿಗೊಂದು, ಅಪ್ಪನ ಫೋಟೋಗೊಂದು. ಆಮೇಲೂ ಕೈ ನಿಲ್ಲಲಿಲ್ಲ. "ಇದಕ್ಕೇನ್ ಹಾಕ್ತಿ?" ಎಂದರೆ, "ಇರ್ಲಿ ಬಿಡೋ, ಮೊಳಿ ನಮ್ದು, ಗ್ವಾಡಿ ನಮ್ದು" ಎಂದಳು. ಗೋಡೆ ಹದಿನೈದು ವರ್ಷ ಸಾಲ ಕೊಟ್ಟ ಸೊಸೈಟಿಯದು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮಲ್ಲಿ ಹೇಳುತ್ತಾರೆ, ತೆಲುಗಿನಲ್ಲೂ ಇದೇ ಗಾದೆ ಉಂಟು. ಆದರೆ 'ಜಾಮೀನು ನಿಂತು ನೋಡು' ಎಂದು ಯಾರೂ ಗಾದೆ ಕಟ್ಟಲಿಲ್ಲ. ಜಾಮೀನು ನಿಂತವರಿಗೆ ಕಟ್ಟುವಷ್ಟು ಉಸಿರು ಉಳಿದಿರಲಿಕ್ಕಿಲ್ಲ. ಸಾಲ ಎಂದರೆ ಕೊಡುವವನು ಮತ್ತು ತೆಗೆದುಕೊಳ್ಳುವವನು ಇಬ್ಬರ ವ್ಯವಹಾರ ಎಂದು ನಾನೂ ತಿಳಿದಿದ್ದೆ. ಅಲ್ಲ. ಅದಕ್ಕೊಬ್ಬ ಮೂರನೆಯವನು ಬೇಕು, ಆತ ಏನನ್ನೂ ಪಡೆಯದೆ ಎಲ್ಲವನ್ನೂ ಕಳೆದುಕೊಳ್ಳಲು ಒಪ್ಪಬೇಕು. ಈ ಆಂಧ್ರದೇಶದ ಅತಿ ದೊಡ್ಡ ಸಾಲಗಾರ ಏಳು ಬೆಟ್ಟದ ಮೇಲೆ ನಿಂತಿದ್ದಾನಷ್ಟೆ. ಮದುವೆಗೆಂದು ಕುಬೇರನಿಂದ ತೆಗೆದುಕೊಂಡದ್ದಕ್ಕೆ ಇನ್ನೂ ಬಡ್ಡಿ ಕಟ್ಟುತ್ತಿದ್ದಾನೆ. ಆದರೆ ಅವನ ಪತ್ರಕ್ಕೆ ಸಾಕ್ಷಿ ಹಾಕಿದವರು ಬ್ರಹ್ಮ ಮತ್ತು ಶಿವ. ಇಬ್ಬರಿಗೂ ರಿಟೈರ್‌ಮೆಂಟ್ ಇಲ್ಲ. ನನ್ನ ಕಷ್ಟವೆಲ್ಲ ಶುರುವಾದದ್ದು ಇಲ್ಲೇ. ನನ್ನ ಬ್ರಹ್ಮನಿಗೆ ಐವತ್ತೆಂಟು ತುಂಬುತ್ತ ಬಂದಿತ್ತು.

ಆದರೆ ಅದಕ್ಕೆ ಮೊದಲು ಅಪ್ಪಾರಾವು ಗಾರು ನನ್ನನ್ನು ಹೇಗೆ ಸಾಕಿದರು ಎಂದು ಹೇಳಬೇಕು. ಅವರು ಬಂದರಿನ ಕ್ರೇನ್ ವಿಭಾಗದಲ್ಲಿ ಮೇಸ್ತ್ರಿ, ಅಪ್ಪನ ಸ್ನೇಹಿತರು. "ಪಕ್ಕದ ಮನೆ ಮಾರಾಟಕ್ಕಿದೆ, ಬಂದುಬಿಡಿ" ಎಂದು ಕರೆದವರೂ ಅವರೇ, ಮುಂದೆ ಬಂದು ಸಹಿ ಹಾಕಿದವರೂ ಅವರೇ. ಟನ್ನುಗಟ್ಟಲೆ ಸರಕು ನೆತ್ತಿಯ ಮೇಲೆ ತೂಗಾಡುವಾಗ ಬೀಡಿ ಹಚ್ಚುತ್ತಿದ್ದ ಮನುಷ್ಯ. ಸಹಿ ಹಾಕಿದ ಮರುದಿನದಿಂದ ನನ್ನ ಸ್ಕೂಟರು ಗೇಟು ದಾಟಿದರೆ ಎದೆ ಹಿಡಿದುಕೊಳ್ಳತೊಡಗಿದರು. ಅವರ ಮಾತೆಲ್ಲ ಒಂದು ಕೆಮ್ಮು ಮತ್ತು "ಅದಿ ಕಾದು ಬಾಬು" ಎಂಬ ಪೀಠಿಕೆಯಿಂದ ಆರಂಭ. ಅದಲ್ಲಪ್ಪ ವಿಷಯ, ಎಂದು ಅರ್ಥ. ಯಾವುದು ಅಲ್ಲ ಎಂದು ನಾವು ಇನ್ನೂ ಹೇಳಿಯೇ ಇರುವುದಿಲ್ಲ.

"ಅದಿ ಕಾದು ಬಾಬು, ಭಾನುವಾರ ಋಷಿಕೊಂಡಕ್ಕೆ ಹೋಗುತ್ತೀಯಂತೆ. ನೀರಿಗೆ ಇಳಿಯುತ್ತೀಯಾ?"

"ಸ್ವಲ್ಪ ಈಜೋಣ ಅಂತ, ಅಂಕಲ್."

"ಈಜು, ಯಾರು ಬೇಡ ಅಂದರು? ಸಾಲ ತೀರಿದ ಮೇಲೆ ಈಜು. ಸಮುದ್ರ ಎಲ್ಲಿಗೂ ಹೋಗುವುದಿಲ್ಲ."

ಹಳೆಯ ಫ್ರಿಜ್ಜೊಂದು ರಿಕ್ಷಾದಲ್ಲಿ ಬಂದಿಳಿದ ದಿನ ಅವರು ಬನಿಯನ್ನಿನಲ್ಲೇ ಓಡಿಬಂದು, ಹೆಣದ ಸುತ್ತ ತಿರುಗುವ ಹಾಗೆ ಅದರ ಸುತ್ತ ತಿರುಗಿದರು. "ಕಂತಾ?" ಎಂದರು. ಅಲ್ಲ, ಅಕ್ಕ ಕೊಟ್ಟದ್ದು ಎಂದ ಮೇಲೆ ಬಾಗಿಲು ತೆಗೆದು ಒಳಗೆ ಕೈ ಇಟ್ಟು, "ಚೆನ್ನಾಗಿ ತಣ್ಣಗಿದೆ" ಎಂದರು. ಕರೆಂಟಿಗೆ ಇನ್ನೂ ಹಾಕಿರಲಿಲ್ಲ. ಬಂದರಿನಲ್ಲಿ ಮುಷ್ಕರದ ಸುದ್ದಿ ಬಂದರೆ ಪೇಪರು ಮಡಚಿಕೊಂಡು ಬಂದು, ನಮ್ಮ ಖಾಸಗಿ ಆಫೀಸಿಗೂ ಅದಕ್ಕೂ ಸಂಬಂಧ ಇಲ್ಲವೆಂದು ನನ್ನ ಬಾಯಿಂದಲೇ ಹೇಳಿಸಿಕೊಂಡು ಹೋಗುತ್ತಿದ್ದರು. ನನಗೆ ಹೆಣ್ಣು ನೋಡುವ ಮಾತು ಬಂದಾಗ ಅಮ್ಮ ಗೋತ್ರ ಕೇಳಿದಳು, ಅಪ್ಪಾರಾವು ಗಾರು ಕೇಳಿದ್ದು, "ಹುಡುಗಿಗೆ ಕೆಲಸ ಉಂಟಾ?" ಜಾತಕಕ್ಕಿಂತ ಇದು ಒಳ್ಳೆಯ ಪ್ರಶ್ನೆ ಎಂದು ನನಗೂ ಅನ್ನಿಸಿತು. ಆದರೆ ಹುಡುಗಿಯ ಕಡೆಯವರ ಎದುರಿಗೆ ಕೇಳಬಾರದಿತ್ತು.

ನನ್ನ ವಿಷಯವನ್ನೂ ಸ್ವಲ್ಪ ಹೇಳಿಕೊಳ್ಳಬೇಕು. ನನಗೊಂದು ರೋಗ ಉಂಟು, ಯಾರು ಮಾತಾಡಿದರೂ ಅವರ ಧ್ವನಿ ನನ್ನ ಗಂಟಲಿಗೆ ಅಂಟಿಕೊಳ್ಳುತ್ತದೆ. ನಮ್ಮ ಊರಿನಲ್ಲಿ ಇದಕ್ಕೆ ಮಂಗಾಟ ಎನ್ನುತ್ತಾರೆ. ತೆಲುಗರು ದೊಡ್ಡ ಮನಸ್ಸಿನವರು, ಅವರು ಇದನ್ನು ಧ್ವನ್ಯನುಕರಣ ಎಂಬ ಕಲೆ ಎಂದು ಒಪ್ಪಿ ಶಾಲು ಹೊದಿಸುತ್ತಾರೆ. ನನಗೆ ಶಾಲು ಯಾರೂ ಹೊದಿಸಿಲ್ಲ, ಆದರೆ ಇದು ಇಲ್ಲದಿದ್ದರೆ ನಾನು ಯಾವಾಗಲೋ ಸುಟ್ಟು ಹೋಗುತ್ತಿದ್ದೆ. ಬೆಳಿಗ್ಗೆ ನಲ್ಲಿ ಬರುವ ಮೊದಲೇ ಪಕ್ಕದವರ ಮೋಟರು ನೀರೆಳೆಯುತ್ತದೆ. ಒಗೆದು ಹಾಕಿದ ಬಿಳಿ ಷರ್ಟು ಒಣಗುವುದರೊಳಗೆ ಬಂದರಿನ ಕಡೆಯ ಧೂಳು ಕೂತು ಬೂದು ಬಣ್ಣಕ್ಕೆ ತಿರುಗುತ್ತದೆ. ಬಸ್ಸಿನಲ್ಲಿ ಸ್ಟೀಲ್ ಪ್ಲಾಂಟಿನ ಷಿಫ್ಟು ಮುಗಿಸಿದವರು ನನ್ನ ಹೆಗಲನ್ನೇ ದಿಂಬು ಮಾಡಿ ನಿದ್ದೆ ಹೋಗುತ್ತಾರೆ. ಆಫೀಸಿನಲ್ಲಿ ಮ್ಯಾನೇಜರು ಮೂಗಿನಿಂದಲೇ ಬೈಯುತ್ತಾರೆ. ಸಂಬಳ ಬಂದ ದಿನವೇ ಅದರಲ್ಲಿ ಮುಕ್ಕಾಲು ಭಾಗ ಸೊಸೈಟಿಯ ಕಿಟಕಿಯೊಳಗೆ ತೂರಿ ಹೋಗುತ್ತದೆ. ಇದನ್ನೆಲ್ಲ ಎದೆಯಲ್ಲಿ ಇಟ್ಟುಕೊಂಡರೆ ಬಿ.ಪಿ., ಗಂಟಲಲ್ಲಿ ಇಟ್ಟುಕೊಂಡರೆ ಮಿಮಿಕ್ರಿ. ಸಂಜೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಇಡೀ ದಿನವನ್ನು ಅಮ್ಮನ ಮುಂದೆ ಅವರವರ ಧ್ವನಿಯಲ್ಲಿ ಉಗುಳುತ್ತೇನೆ. ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಸಾಕ್ ಬಿಡೋ ರಾಘ್ಯಾ, ಅನ್ನ ಹತ್ತಿ ಹೋಗ್ತದ" ಎನ್ನುತ್ತಾಳೆ.

ಈ ರೋಗ ಬೀದಿಗೆ ಬಂದದ್ದು ಕಳೆದ ವಿನಾಯಕ ಚವಿತಿಯಲ್ಲಿ. ಪೆಂಡಾಲಿನವರು ಮೈಕು ಕೊಟ್ಟರು. ಮೈಕು ಸಿಕ್ಕ ಮೇಲೆ ಕೇಳಬೇಕೆ! ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದೊಂದೇ ಮನೆಯ ಬಾಗಿಲು ತಟ್ಟಿದ ಹಾಗೆ ಎಲ್ಲರನ್ನೂ ಮಾಡಿ ತೋರಿಸಿದೆ. ಅಪ್ಪಾರಾವು ಗಾರ ಕೆಮ್ಮು, ಮೂಲೆಮನೆಯ ಫಿಟ್ಟರು ರೇಡಿಯೋ ರಿಪೇರಿ ಮಾಡುತ್ತ ಬೈಯುವ ವೈಖರಿ, ಪೂಜೆಗೆ ಬಂದ ಪುರೋಹಿತರಿಗೆ ನೆಗಡಿಯಾದರೆ ಮಂತ್ರಗಳ ಗತಿ. ಜನ ಕುರ್ಚಿಯಿಂದ ಬಿದ್ದು ನಕ್ಕರು. ಒಬ್ಬರನ್ನು ಮಾತ್ರ ಬಿಟ್ಟಿದ್ದೆ, ನಮ್ಮ ಎಡಗಡೆಯ ಮನೆಯ ರಾಜ್ಯಲಕ್ಷ್ಮಿ ಟೀಚರನ್ನು. ಸರ್ಕಾರಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಲೆಕ್ಕ ಹೇಳುವವರು. ಒಂಟಿ ಜೀವ, ನೀಟಾದ ಸೀರೆ, ಎದುರಿಗೆ ನಿಂತರೆ ಎಂಥವನಿಗೂ ಮಗ್ಗಿ ಮರೆತುಹೋಗಬೇಕು. ಅಂಥವರನ್ನು ಮೈಕಿನಲ್ಲಿ ಅಣಕಿಸುವಷ್ಟು ಗುಂಡಿಗೆ ನನಗಿಲ್ಲ. ಮರುದಿನದಿಂದ ಅವರ ಗೋಡೆಯ ಮೇಲಿಂದ ಅಮ್ಮನಿಗೆ ಬರುತ್ತಿದ್ದ ಕರಿಬೇವು ನಿಂತುಹೋಯಿತು. ಅವರ ಮೋಟರಿನ ಬಗ್ಗೆ ನಾನು ಗೊಣಗಿದ್ದು ಕಿವಿಗೆ ಬಿದ್ದಿರಬೇಕು ಎಂದುಕೊಂಡೆ.

ಇಷ್ಟರಲ್ಲಿ ಅಪ್ಪಾರಾವು ಗಾರಿಗೆ ಬಂದರಿನವರು ಹಾರ ಹಾಕಿ, ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಅದರ ಹಿಂದೆಯೇ ಸೊಸೈಟಿಯವರಿಂದ ನನಗೆ ಬುಲಾವು ಬಂತು. ಜಾಮೀನುದಾರರು ನೌಕರಿಯಲ್ಲಿರಬೇಕು, ನಿವೃತ್ತರಾದವರ ಸಹಿ ನಡೆಯುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಸಂಬಳದಾರರೊಬ್ಬರನ್ನು ಕರೆತಂದು ಸಹಿ ಹಾಕಿಸದಿದ್ದರೆ ಬಾಕಿ ಸಾಲವನ್ನೆಲ್ಲ ಒಟ್ಟಿಗೆ ಕಟ್ಟಬೇಕು, ಕಟ್ಟಲಾಗದಿದ್ದರೆ ಮನೆಯನ್ನು ಅವರು ಹರಾಜಿಗೆ ಇಡುತ್ತಾರೆ. ಇಷ್ಟನ್ನೂ ಗುಮಾಸ್ತ ತುಂಬ ವಿನಯದಿಂದಲೇ ಹೇಳಿದ, ಕೊನೆಗೆ "ಟೀ ಕುಡಿಯುತ್ತೀರಾ ಅಂಡಿ?" ಎಂದೂ ಕೇಳಿದ. ಮನೆಗೆ ಬಂದು ಅಮ್ಮನಿಗೆ ಹೇಳಿದಾಗ ಅಭ್ಯಾಸಬಲದಿಂದ ಆ ಗುಮಾಸ್ತನ ಧ್ವನಿಯಲ್ಲೇ ಹೇಳಿದೆ. ಅಮ್ಮ ನಗಲಿಲ್ಲ. ಅಂದು ಹೊಸದೊಂದು ಕುಂಕುಮದ ಬಟ್ಟಲಿಡಲು ಗೋಡೆಗೆ ಹಲಗೆ ಹೊಡೆಯಲೆಂದು ಸುತ್ತಿಗೆ ತೆಗೆದಿಟ್ಟಿದ್ದಳು. ಅದನ್ನು ತೆಗೆದುಕೊಂಡು ಹೋಗಿ ಮಂಚದ ಕೆಳಗೆ ದೂಡಿದಳು.

ಒಂದು ಸಹಿ ತಾನೆ, ಈ ಊರಿನಲ್ಲಿ ನನಗೆ ಗೊತ್ತಿಲ್ಲದವರು ಯಾರು ಎಂದು ಹೊರಟೆ. ಮೂಲೆಮನೆಯ ಫಿಟ್ಟರು ನನ್ನನ್ನು ಕಂಡದ್ದೇ ಅಪ್ಪಿಕೊಂಡ. ಹೆಂಡತಿಯ ಅಣ್ಣಂದಿರು ಬಂದಿದ್ದರು. ಅವರ ಮುಂದೆ ತನ್ನನ್ನೇ ಮಾಡಿ ತೋರಿಸಲು ಹೇಳಿದ. ಮಾಡಿದೆ. ಇನ್ನೊಮ್ಮೆ ಎಂದರು. ಮಾಡಿದೆ. ಪೆಸರಟ್ಟು ಕೊಟ್ಟರು, ಶುಂಠಿ ಚಟ್ನಿ ಬಡಿಸಿದರು. ಜಾಮೀನು ಎಂದೊಡನೆ ಅವನ ಮುಖದಲ್ಲಿ ನಿಜವಾದ ದುಃಖ ಕಾಣಿಸಿತು. "ತಮ್ಮನಿಗೆ ಆಗಲೇ ನಿಂತಿದ್ದೇನಲ್ಲ ಗುರು" ಎಂದ. ನಮ್ಮ ಹೆಡ್ ಕ್ಲರ್ಕಿಗೆ ಅನ್ನವರಂ ದೇವರ ಸನ್ನಿಧಿಯಲ್ಲಿ ಹೆಂಡತಿ ಆಣೆ ಹಾಕಿಸಿದ್ದಳಂತೆ, ಯಾರಿಗೂ ಜಾಮೀನು ನಿಲ್ಲುವುದಿಲ್ಲ ಎಂದು. "ಆಣೆ ಯಾವಾಗ ಹಾಕಿಸಿದರು ಸಾರ್?" ಎಂದೆ. ಅವರು ಪ್ರಾಮಾಣಿಕರು. "ನಿಮಗೆ ಸೊಸೈಟಿಯಿಂದ ಕರೆ ಬಂತು ಅಂತ ನಾನು ಮನೆಯಲ್ಲಿ ಹೇಳಿದ ದಿನ" ಎಂದರು. ಯಾರ ಮೇಲೂ ನನಗೆ ಕೋಪ ಬರಲಿಲ್ಲ. ಒಬ್ಬೊಬ್ಬರೂ ನಿರಾಕರಿಸುವಾಗ ಎಷ್ಟು ಚೆಂದದ ಧ್ವನಿ ತೆಗೆಯುತ್ತಾರೆ ಎಂದರೆ, ಕೇಳುತ್ತ ಕೇಳುತ್ತ ನನ್ನ ಸಂಗ್ರಹಕ್ಕೆ ಒಳ್ಳೆಯ ಸರಕು ಸಿಗುತ್ತಿತ್ತು. ಮನೆ ಹೋಗುತ್ತಿತ್ತು, ಸಂಗ್ರಹ ಬೆಳೆಯುತ್ತಿತ್ತು.

ಉಳಿದದ್ದು ವಿಜಯವಾಡದ ಭಾವ. ಅಕ್ಕನನ್ನು ತೆಲುಗು ಮನೆಗೆ ಕೊಟ್ಟಿದ್ದೇವೆ. ಭಾವ ಕೊಂಡಪಲ್ಲಿಯ ಹತ್ತಿರದ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದಾರೆ, ಒಳ್ಳೆಯ ಸಂಬಳ, ಚಿನ್ನದಂಥ ಮನುಷ್ಯ. ಆದರೆ ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ಅಳಿಯಗ ಕೊಡಬೇಕೇ ವಿನಾ ಅಳಿಯನ ಹತ್ರ ಕೈ ಒಡ್ಡಬಾರ್ದು. ನಾಳೆ ನಿಮ್ಮ ಅಕ್ಕ ಒಂದ್ ಸೀರಿ ಕೇಳಿದ್ರೂ, ನಿಮ್ಮ ತಮ್ಮನ ಮನಿ ಉಳಿಸೀನಲ್ಲ ಅಂತಾನ."

"ಭಾವ ಹಂಗ ಅನ್ನೋರಲ್ಲಮ್ಮಾ."

"ಅನ್ನದಿದ್ರೂ ಆಕೀಗೆ ಅಂದಂಗ ಕೇಳಸ್ತದ."

ಆದರೂ, ಚಟ್ನಿಪುಡಿ ಕೊಟ್ಟು ಬರುತ್ತೇನೆ ಎಂದು ಸುಳ್ಳು ಹೇಳಿ ರೈಲು ಹತ್ತಿದೆ. ಸುಳ್ಳು ಎಂದು ಅಮ್ಮನಿಗೂ ಗೊತ್ತಿತ್ತು, ಚಟ್ನಿಪುಡಿ ಮಾತ್ರ ನಿಜವಾಗಿಯೂ ಕಟ್ಟಿಕೊಟ್ಟಳು. ವಿಜಯವಾಡದ ಬಿಸಿಲಿಗೆ ವಿಶಾಖಪಟ್ಟಣದ ಬೆವರನ್ನು ಅಲ್ಲೇ ಒಣಗಿಸಿ ಉಪ್ಪು ಮಾಡುವ ಶಕ್ತಿ ಉಂಟು. ಊಟಕ್ಕೆ ಕೂತೆವು. ಅಕ್ಕನ ಮಗಳು ನನ್ನ ಜೊತೆ ತೆಲುಗಿನಲ್ಲಿ ಮಾತಾಡುತ್ತ, ಚಟ್ನಿಪುಡಿಗೆ ಮಾತ್ರ ಕನ್ನಡದಲ್ಲಿ ಕೈ ಚಾಚಿದಳು: "ಮಾಮಾ, ಅಜ್ಜಿ ಪುಡಿ ಇನ್ನೂ ಹಾಕು." ನಾನು ಸಾರನ್ನದ ತನಕ ಕಾದೆ, ಮಜ್ಜಿಗೆಗೆ ಹೇಳಿಬಿಡುತ್ತೇನೆ ಎಂದುಕೊಂಡೆ. ಮಜ್ಜಿಗೆ ಬಂತು. ನಾನು ಗಂಟಲು ಸರಿಮಾಡಿಕೊಳ್ಳುವುದರೊಳಗೆ ಭಾವ ನನ್ನ ಕೈ ಹಿಡಿದುಕೊಂಡರು. "ನೋಡು ಬಾವಮರ್ದಿ, ನೀನು ಚಿಕ್ಕವನು, ಅದಕ್ಕೇ ಹೇಳುತ್ತೇನೆ. ಬೆಂಕಿಗೆ ಕೈ ಇಡು, ಹಾವಿನ ಹುತ್ತಕ್ಕೆ ಕೈ ಇಡು. ಯಾರ ಸಾಲಕ್ಕೂ ಸಹಿ ಇಡಬೇಡ." ಅವರ ಚಿಕ್ಕಪ್ಪನ ಮಗ ಇವರ ಸಹಿಯ ಮೇಲೆ ಲಾರಿ ಕೊಂಡು ಪರಾರಿಯಾಗಿದ್ದ. ಈಗ ಪ್ರತಿ ತಿಂಗಳೂ ಭಾವನ ಸಂಬಳದಿಂದಲೇ ಲಾರಿ ಓಡುತ್ತಿತ್ತು. ಅಕ್ಕ ತಲೆ ತಗ್ಗಿಸಿ ಎಲೆಗೆ ಮಜ್ಜಿಗೆ ಸುರಿಯುತ್ತಲೇ ಇದ್ದಳು. "ಛೆ ಛೆ, ಇಡುತ್ತೇನೆಯೇ ಭಾವ!" ಎಂದೆ, ಎಂದೂ ಯಾರಿಗೂ ಜಾಮೀನು ನಿಲ್ಲುವುದಿಲ್ಲ ಎಂದು ಮಾತೂ ಕೊಟ್ಟೆ. ಸಂಜೆ ರೈಲಿಗೆ ಹೊರಟಾಗ ಭಾವ ಪ್ರೀತಿಯಿಂದ ಒಂದು ಕೊಂಡಪಲ್ಲಿ ಬೊಂಬೆ ಕೈಗಿತ್ತರು, ಅಂಬಾರಿ ಹೊತ್ತ ಆನೆ.

ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಜಾಮೀನು ಕೇಳ್ಲಿಕ್ಕೆ ಹೋಗಿ ಆನಿ ತಗೊಂಡ್ ಬಂದ್ಯಲ್ಲೋ" ಎಂದಳು. "ಕೇಳ್ಲಿಲ್ಲಮ್ಮಾ" ಎಂದೆ. "ಛಲೋ ಆತು" ಎಂದಳು. ಅವಳ ಮುಖದಲ್ಲಿ ಸಮಾಧಾನ ಕಂಡಿತು. ಮನೆ ಹೋದರೂ ಮಗಳ ಮಾನ ಉಳಿಯಿತು ಎಂಬ ಲೆಕ್ಕ. ತಾಯಂದಿರ ಲೆಕ್ಕವನ್ನು ಯಾವ ಸೊಸೈಟಿಯೂ ಆಡಿಟ್ ಮಾಡಲಾರದು.

ಆ ದಿನಗಳಲ್ಲಿ ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಹೇಳಿದರೆ ನಗುತ್ತೀರಿ. ರಿಟೈರಾದ ಮೇಲೆ ಅಪ್ಪಾರಾವು ಗಾರು ಆರಾಮಾಗಿ ಜಗಲಿಯಲ್ಲಿ ಕೂತು ಪೇಪರು ಓದುತ್ತಿದ್ದರು. ನಾನು ಸ್ಕೂಟರನ್ನು ಬೇಕೆಂದೇ ಜೋರಾಗಿ ತಿರುಗಿಸಿದೆ. ಪೇಪರಿನಿಂದ ಕಣ್ಣು ಮೇಲೇಳಲಿಲ್ಲ. ಬೇಕೆಂದೇ ಕೆಮ್ಮಿದೆ. ಪುಟ ತಿರುವಿದರು. ಎಷ್ಟೋ ವರ್ಷದಿಂದ ಕಾವಲು ಬೇಡ ಬೇಡ ಎಂದು ಬೇಸತ್ತವನಿಗೆ, ಕಾವಲು ಎದ್ದುಹೋದಾಗ ಅನಾಥನಾದ ಹಾಗಾಯಿತು. ತಡೆಯಲಾರದೆ ಗೋಡೆಯ ಹತ್ತಿರ ಹೋಗಿ, "ಏನು ಅಂಕಲ್, ನಾನು ಸತ್ತರೂ ಈಗ ನಿಮಗೆ ಚಿಂತೆ ಇಲ್ಲ ಅಲ್ಲವಾ?" ಎಂದೆ.

ಅವರು ಪೇಪರು ಇಳಿಸಿದರು. ಓದುತ್ತಿರಲಿಲ್ಲ ಎಂದು ಆಗ ಗೊತ್ತಾಯಿತು, ಕನ್ನಡಕವೇ ಇರಲಿಲ್ಲ. "ಮುಖ ತೋರಿಸಲಾರೆ ಬಾಬು" ಎಂದರು. "ನಿನ್ನನ್ನು ಅರ್ಧ ದಾರಿಯಲ್ಲಿ ಇಳಿಸಿದ ಹಾಗಾಯಿತು. ಇನ್ನೂ ಎರಡು ವರ್ಷ ಸರ್ವಿಸು ಕೊಡಿ ಅಂತ ಸಾಹೇಬರ ಹತ್ತಿರ ಹೋಗಿ ಕೇಳಿಯೂ ಬಂದೆ. ನಕ್ಕುಬಿಟ್ಟರು." ಆಮೇಲೆ ಟವೆಲಿನಿಂದ ಮುಖ ಒರೆಸಿಕೊಂಡು, ನನ್ನ ಎಡಗಡೆಯ ಗೋಡೆಯತ್ತ ಗದ್ದ ಎತ್ತಿ ತೋರಿಸಿದರು. "ಅಲ್ಲಿ ಕೇಳಿದೆಯಾ?"

"ಟೀಚರನ್ನಾ? ಅವರಿಗೆ ನನ್ನ ಮುಖ ಕಂಡರೆ ಆಗುವುದಿಲ್ಲ ಅಂಕಲ್."

"ಆಗದಿದ್ದರೆ ಬೇಡ ಅನ್ನುತ್ತಾರೆ. ಬೇಡ ಅನ್ನಿಸಿಕೊಂಡು ನಿನಗೆ ಈಗ ಅಭ್ಯಾಸವಾಗಿದೆಯಲ್ಲ."

ಹೋದೆ. ಅಮ್ಮ ಹಿಂದಿನಿಂದ, "ಮಂಗ್ಯಾನಾಟ ಮಾಡಬ್ಯಾಡ, ನೆಟ್ಟಗ ಕೇಳು" ಎಂದು ಎಚ್ಚರಿಸಿದ್ದಳು. ರಾಜ್ಯಲಕ್ಷ್ಮಿ ಟೀಚರು ವರಾಂಡದಲ್ಲಿ ಪರೀಕ್ಷೆಯ ಪೇಪರು ತಿದ್ದುತ್ತಿದ್ದರು. ಕೂರು ಎನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ. ನಾನು ಮಾತು ಶುರುಮಾಡಿದೆ, ಅಂದರೆ ಒಂದು ಕೆಮ್ಮು ಬಂತು, ಅದರ ಹಿಂದೆ, "ಅದಿ ಕಾದು ಟೀಚರ್ ಗಾರು..."

ಕೆಂಪು ಪೆನ್ನು ನಿಲ್ಲಲಿಲ್ಲ. "ಅದು ಅಪ್ಪಾರಾವು ಗಾರು. ಮುಂದೆ?"

ಬೇಕೆಂದು ಮಾಡಿದ್ದಲ್ಲ, ಭಯವಾದಾಗ ಬಾಯಿಗೆ ಬರುವುದೇ ಹಾಗೆ. ಸಾವರಿಸಿಕೊಂಡು ಗಂಭೀರವಾಗಿ, ನಮ್ಮ ಕಷ್ಟ ಹೀಗಿದೆ, ನಿಯಮ ಹೀಗಿದೆ ಎಂದು ವಿವರಿಸತೊಡಗಿದೆ.

"ಇದು ಸೊಸೈಟಿಯ ಗುಮಾಸ್ತ. ನನ್ನ ತಂಗಿಯ ಸಾಲವೂ ಅಲ್ಲೇ ಇತ್ತು, ಗೊತ್ತು" ಎಂದರು. ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಚವಿತಿಯ ದಿನ ನಾನು ಮಾಳಿಗೆಯ ಮೇಲೆ ನಿಂತು ಕೇಳಿದೆ. ಬೀದಿಯವರನ್ನೆಲ್ಲ ಮಾಡಿದೆ. ಪೂಜೆ ಮಾಡಿಸಲು ಬಂದ ಬ್ರಾಹ್ಮಣನನ್ನೂ ಬಿಡಲಿಲ್ಲ. ಅಪ್ಪಾರಾವು ಗಾರ ಮನೆ ಆಯಿತು, ನಿನ್ನ ಮನೆ ಆಯಿತು, ಆಮೇಲೆ ನನ್ನ ಮನೆ ಬರಬೇಕಿತ್ತು. ಹಾರಿ ಮುಂದಿನ ಮನೆಗೆ ಹೋದೆ. ನಾನೇನು ಈ ಬೀದಿಯವಳಲ್ಲವಾ?"

ಅಣಕಿಸಿದರೆ ಸಿಟ್ಟಾಗುವವರನ್ನು ಕಂಡಿದ್ದೆ. ಅಣಕಿಸದಿದ್ದುದಕ್ಕೆ ತಿಂಗಳುಗಟ್ಟಲೆ ಕರಿಬೇವು ನಿಲ್ಲಿಸುವವರು ಇರುತ್ತಾರೆ ಎಂದು ಯಾರು ಹೇಳಬೇಕು ನನಗೆ? ಒಂಟಿಯಾಗಿ ಬದುಕುವವರನ್ನು ಊರು ಗೌರವ ಎಂಬ ಹೆಸರಿನಲ್ಲಿ ಎಷ್ಟು ಸಲ ಹೀಗೆ ಹಾರಿ ಹೋಗುತ್ತದೋ! "ಭಯ ಆಯಿತು ಟೀಚರ್" ಎಂದೆ. ಅದು ಕ್ಷಮೆ ಕೇಳಿದ್ದೂ ಆಗಿತ್ತು, ಅವರಿಗೆ ಗೊತ್ತಾಯಿತೆಂದು ಕಾಣುತ್ತದೆ, ಒಂದು ಬೆತ್ತದ ಸ್ಟೂಲನ್ನು ಕಾಲಿನಿಂದ ನನ್ನತ್ತ ಸರಿಸಿದರು. ನಾನು ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎನ್ನಿಸಿತು.

"ಮನೆ ಹೋಗುತ್ತದೆ ಟೀಚರ್" ಎಂದೆ. "ನನ್ನದೇನು, ನಾನು ಎಲ್ಲಾದರೂ ಇರುತ್ತೇನೆ. ಅಮ್ಮ ಇನ್ನೊಂದು ಬಾಡಿಗೆ ಮನೆಗೆ ಹೋಗಬಾರದು. ನೀವು ಸಹಿ ಹಾಕುತ್ತೀರಾ? ನಾನು ಒಂದು ತಿಂಗಳೂ ತಪ್ಪಿಸುವುದಿಲ್ಲ."

ನಡುನಡುವೆ ತಡವರಿಸಿದೆ, ಒಂದು ಕಡೆ ತೆಲುಗಿನ ಬದಲು ಕನ್ನಡವೇ ಬಂತು. ಟೀಚರು ತಲೆ ಸ್ವಲ್ಪ ವಾಲಿಸಿ ಕೇಳಿದರು.

"ಇದು ಯಾರು?"

"ನಾನೇ ಟೀಚರ್."

"ಈ ಧ್ವನಿ ನಾನು ಕೇಳಿಯೇ ಇರಲಿಲ್ಲ." ಪೆನ್ನು ಎತ್ತಿಕೊಂಡು ಮತ್ತೆ ಪೇಪರಿಗೆ ಬಾಗಿದರು. "ಅಷ್ಟೇನೂ ಚೆನ್ನಾಗಿಲ್ಲ. ಅಭ್ಯಾಸ ಸಾಲದು. ಸೋಮವಾರ ನನಗೆ ಮೊದಲ ಪೀರಿಯಡ್ ಇಲ್ಲ, ಸ್ಕೂಟರು ತೆಗೆದುಕೊಂಡು ಬಾ."

ಸೋಮವಾರ ಸಹಿ ಆಯಿತು. ಗುಮಾಸ್ತ ತೋರಿಸಿದ ಕಡೆಯಲ್ಲೆಲ್ಲ ಕಪ್ಪುಹಲಗೆಯ ಮೇಲೆ ಬರೆಯುವ ಹಾಗೆ ದುಂಡಗೆ ಬರೆದರು. ಆದರೆ ಹೊರಗೆ ಬಂದ ಮೇಲೆ ಒಂದು ಷರತ್ತು ಹಾಕಿದರು. ಪ್ರತಿ ತಿಂಗಳೂ ಕಂತು ಕಟ್ಟಿದ ದಿನ ನಾನು ಅವರ ವರಾಂಡಕ್ಕೆ ಬರಬೇಕು, ಕಟ್ಟಿದ್ದೇನೆ ಎಂದು ಹೇಳಬೇಕು. ರಸೀತಿ ಬೇಡ. ಮ್ಯಾನೇಜರು, ಮೇಸ್ತ್ರಿ ಯಾರೂ ಬೇಡ. ನಾನೇ ಬಂದು, ನನ್ನದೇ ಧ್ವನಿಯಲ್ಲಿ ಹೇಳಬೇಕು.

ಹೇಳುತ್ತಿದ್ದೇನೆ. ಮೊದಮೊದಲು ಆ ಧ್ವನಿ ಹುಡುಕಲು ಗೇಟಿನ ಹೊರಗೆ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತಿತ್ತು. ಈಗೀಗ ಕರೆದರೆ ಬರುತ್ತದೆ. ಈ ತಿಂಗಳು ಅಮ್ಮನೂ ಕರಿಬೇವು ತರಲು ಬಂದು ಅಲ್ಲೇ ನಿಂತಿದ್ದಳು. ನಾನು "ಕಟ್ಟಿದೆ ಟೀಚರ್" ಎಂದಾಗ ಅವಳು ಯಾರೋ ಕರೆದ ಹಾಗೆ ಥಟ್ಟನೆ ತಿರುಗಿ ನೋಡಿದಳು. ಮನೆಗೆ ಬಂದ ಮೇಲೆ ಹೇಳಿದಳು, "ಅದೇನೋ ರಾಘ್ಯಾ, ಥೇಟ್ ನಿಮ್ಮಪ್ಪ ಮಾತಾಡಿದಂಗ ಕೇಳಸ್ತು."

ಅಪ್ಪನನ್ನು ನಾನು ಎಂದೂ ಅನುಕರಣೆ ಮಾಡಿದವನಲ್ಲ. ಅಂದರೆ ಇಷ್ಟು ಕಷ್ಟಪಟ್ಟು ಹುಡುಕಿದ ಸ್ವಂತ ಧ್ವನಿಯೂ ಸ್ವಂತದ್ದಲ್ಲ, ಅದೂ ಸಾಲವೇ. ಇರಲಿ. ಇದೊಂದನ್ನು ತೀರಿಸುವ ಯೋಚನೆ ನನಗಿಲ್ಲ.